ಜಾಲತಾಣಕ್ಕೆ ಮೊದಲು ಒಕ್ಕಣೆ, ಆಮೇಲೆ ಅಲಂಕಾರ

ಮಾನ್ಯ ಸಂಪಾದಕರೇ,

ಸಣ್ಣ ಉದ್ಯಮಗಳು ಜಾಲತಾಣ ಮಾಡಿಸಿಕೊಳ್ಳುವ ಬಗ್ಗೆ ಪತ್ರಿಕೆಗಳಲ್ಲಿ ಬರಹಗಳು ಬರುತ್ತಲೇ ಇವೆ. ಯಾವ ವಿನ್ಯಾಸ ಚೆಂದ, ಎಷ್ಟು ಪುಟ ಬೇಕು, ಡೊಮೇನ್ ಹೆಸರು ಹೇಗಿರಬೇಕು, ಇವೆಲ್ಲ ಚರ್ಚೆಯಾಗುತ್ತವೆ. ಆ ಪುಟಗಳಲ್ಲಿ ಏನು ಬರೆಯಬೇಕು ಎಂಬ ಮಾತು ಏಳುವುದು ಅಪರೂಪ. ಜಾಲತಾಣಗಳಿಗೆ ಒಕ್ಕಣೆ, ಅಂದರೆ ಪುಟಗಳಲ್ಲಿ ಬರುವ ಬರಹ, ಸಿದ್ಧಪಡಿಸುವ ಕೆಲಸದಲ್ಲಿರುವ ನಾವು ಅದನ್ನೇ ಮುಂದಿಡಲು ಈ ಪತ್ರ ಬರೆಯುತ್ತಿದ್ದೇವೆ.

ತಪ್ಪು ಶುರುವಾಗುವುದು ಕೆಲಸದ ಕ್ರಮದಲ್ಲೇ. ವಿನ್ಯಾಸ ಮಾಡುವವರು ಮೊದಲು ಸಿದ್ಧ ಟೆಂಪ್ಲೇಟ್ ತರುತ್ತಾರೆ. ಮೇಲೆ ದೊಡ್ಡ ಚಿತ್ರ, ಚಿತ್ರದ ಮೇಲೆ ಒಂದು ಸಾಲು, ಕೆಳಗೆ ಮೂರು ಚೌಕ, ಆಮೇಲೆ 'ನಮ್ಮ ಬಗ್ಗೆ'. ಎಲ್ಲ ಮುಗಿದ ಮೇಲೆ ಖಾಲಿ ಚೌಕ ತುಂಬುವ ಕೆಲಸ ಮಾಲೀಕರ ಪಾಲಿಗೆ ಬರುತ್ತದೆ. ಚೌಕ ಮೂರಿವೆ, ಹಾಗಾಗಿ ಮೂರು ಗುಣ ಹುಡುಕುತ್ತಾರೆ: ಗುಣಮಟ್ಟ, ವಿಶ್ವಾಸ, ಉತ್ತಮ ಸೇವೆ. ಹೇಳಬೇಕಾದ ಮಾತು ನಾಲ್ಕಿದ್ದರೆ ಒಂದು ಬಿದ್ದುಹೋಗುತ್ತದೆ, ಎರಡೇ ಇದ್ದರೆ ಇಲ್ಲದ ಒಂದನ್ನು ಹುಟ್ಟಿಸಬೇಕಾಗುತ್ತದೆ. ಒಕ್ಕಣೆ ಮೊದಲು ಸಿದ್ಧವಾಗಲಿ, ಎಷ್ಟು ಚೌಕ ಬೇಕೆಂದು ಅದೇ ಹೇಳುತ್ತದೆ.

ಒಂದು ಉದಾಹರಣೆ ನೋಡೋಣ. ನೀರೆತ್ತುವ ಮೋಟರ್ ವೈಂಡಿಂಗ್ ಮಾಡುವ ಅಂಗಡಿ ಎಂದಿಟ್ಟುಕೊಳ್ಳಿ. ಮುಖಪುಟದಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ ಹೀಗಿರುತ್ತದೆ: "ನಮ್ಮ ಸಂಸ್ಥೆಯು ಹಲವಾರು ವರ್ಷಗಳ ಅನುಭವದೊಂದಿಗೆ ಗ್ರಾಹಕರ ಅಗತ್ಯಗಳಿಗೆ ಅನುಗುಣವಾಗಿ ಅತ್ಯುತ್ತಮ ಗುಣಮಟ್ಟದ ಮೋಟರ್ ಸಂಬಂಧಿತ ಸೇವೆಗಳನ್ನು ಒದಗಿಸುತ್ತಾ ಬಂದಿರುತ್ತದೆ." ಇದನ್ನು ಓದುವವರ ಮನೆಯಲ್ಲಿ ನೀರಿಲ್ಲ, ಮೋಟರ್ ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಅವರಿಗೆ ಬೇಕಾದ ಒಂದು ಮಾತೂ ಈ ವಾಕ್ಯದಲ್ಲಿಲ್ಲ.

ಅದೇ ಅಂಗಡಿಗೆ ಹೀಗೆ ಬರೆಯಬಹುದು: "ಸುಟ್ಟ ಮೋಟರಿಗೆ ಹೊಸ ವೈಂಡಿಂಗ್ ಮಾಡಿಕೊಡುತ್ತೇವೆ. ಅರ್ಧ ಎಚ್‌ಪಿಯಿಂದ 10 ಎಚ್‌ಪಿವರೆಗೆ, ಸಿಂಗಲ್ ಫೇಸ್, ತ್ರೀ ಫೇಸ್ ಎರಡೂ. ಬೆಳಿಗ್ಗೆ ತಂದುಕೊಟ್ಟರೆ ಮರುದಿನ ಸಂಜೆಗೆ ಸಿದ್ಧ. ವಾರ್ನಿಶ್ ಚೆನ್ನಾಗಿ ಒಣಗಬೇಕಾದ್ದರಿಂದ ಅದಕ್ಕೂ ಮೊದಲು ಕೊಡುವುದಿಲ್ಲ. ಬಿಚ್ಚಿದಾಗ ಬೇರಿಂಗ್ ಹೋಗಿರುವುದು ಕಂಡರೆ ಫೋನ್ ಮಾಡುತ್ತೇವೆ, ನೀವು ಒಪ್ಪಿದ ಮೇಲಷ್ಟೇ ಬದಲಿಸುತ್ತೇವೆ."

ಇಲ್ಲಿ 'ಗುಣಮಟ್ಟ', 'ವಿಶ್ವಾಸ' ಎಂಬ ಪದಗಳಿಲ್ಲ. ವಾರ್ನಿಶ್ ಒಣಗುವವರೆಗೆ ಕಾಯುತ್ತಾರೆ ಎಂದು ತಿಳಿದಾಗ ಗುಣಮಟ್ಟ ಕಾಣುತ್ತದೆ, ಕೇಳದೆ ಖರ್ಚು ಹಚ್ಚುವುದಿಲ್ಲ ಎಂಬಲ್ಲಿ ವಿಶ್ವಾಸ ಹುಟ್ಟುತ್ತದೆ. 10 ಎಚ್‌ಪಿವರೆಗೆ ಎಂದು ಮಿತಿ ಹೇಳಿದ್ದರಿಂದ ಅದಕ್ಕಿಂತ ದೊಡ್ಡ ಮೋಟರಿನವರು ಸುಮ್ಮನೆ ಹೊತ್ತು ತರುವುದೂ ತಪ್ಪುತ್ತದೆ. ಮಿತಿ ಬರೆದರೆ ಗಿರಾಕಿ ಕೈತಪ್ಪುತ್ತಾರೆ ಎಂದು ಬಹಳ ಮಾಲೀಕರು ಹಿಂಜರಿಯುತ್ತಾರೆ. ಆದರೆ ಆ ಮಿತಿಯಿಂದ ಕೈತಪ್ಪುವವರು ಬಂದರೂ ಬರಿಗೈಲಿ ಮರಳಬೇಕಾದವರೇ.

ಇಂಥ ಒಕ್ಕಣೆಗೆ ಸರಕು ಸಿಗುವುದು ಅಂಗಡಿಯ ಫೋನಿನಲ್ಲಿ. ಎರಡು ವಾರ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಬಂದ ಪ್ರತಿ ಪ್ರಶ್ನೆಯನ್ನೂ ಕೇಳಿದವರ ಮಾತಿನಲ್ಲೇ ಬರೆದುಕೊಳ್ಳಬೇಕು. ತಿದ್ದಬಾರದು, ಶಿಷ್ಟ ಭಾಷೆಗೆ ಇಳಿಸಬಾರದು. "ಮೋಟರ್ ಗುಂಯ್ ಅನ್ನುತ್ತೆ, ತಿರುಗಲ್ಲ" ಎಂದರೆ ಅದು ಹಾಗೇ ದಾಖಲಾಗಲಿ. ಆಮೇಲೆ ಒಂದೇ ಬಗೆಯ ಪ್ರಶ್ನೆಗಳನ್ನು ಗುಂಪು ಮಾಡಿ ಎಣಿಸಿ. ಹೆಚ್ಚು ಸಲ ಬಂದ ನಾಲ್ಕೈದಕ್ಕೆ ಉತ್ತರ ಮುಖಪುಟದಲ್ಲಿ, ಉಳಿದವಕ್ಕೆ ಒಳಪುಟದಲ್ಲಿ. 'ಗುಂಯ್' ಪ್ರಶ್ನೆಯೇ ಒಂದು ಒಳಪುಟದ ತಲೆಬರಹವಾಗಬಹುದು. ಕೆಳಗೆ ಉತ್ತರ: ಕೆಪಾಸಿಟರ್ ಹೋಗಿರಬಹುದು, ಇಲ್ಲವೇ ಪಂಪ್ ಜಾಮ್ ಆಗಿರಬಹುದು, ಹಾಗೆಯೇ ಚಾಲೂ ಬಿಟ್ಟರೆ ವೈಂಡಿಂಗ್ ಸುಡುತ್ತದೆ, ಮೊದಲು ಸ್ವಿಚ್ ಆಫ್ ಮಾಡಿ. ಜನ ಗೂಗಲ್‌ನಲ್ಲಿ ಹುಡುಕುವುದೂ ಇಂಥ ಮಾತುಗಳಿಂದಲೇ. 'ವಿದ್ಯುತ್ ಮೋಟರ್ ದುರಸ್ತಿ ಪರಿಹಾರಗಳು' ಎಂದು ಯಾರೂ ಟೈಪ್ ಮಾಡುವುದಿಲ್ಲ.

ತೆರೆಯ ಮೇಲಿನ ಓದು ಹೇಗೆ ಎಂಬುದಕ್ಕೂ ಹಳೆಯ ಆಧಾರವಿದೆ. ಜಾಲತಾಣಗಳನ್ನು ಜನ ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಲ್ಗೊಂಡವರ ಪೈಕಿ ಶೇ 79ರಷ್ಟು ಮಂದಿ ಹೊಸ ಪುಟವನ್ನು ಕಣ್ಣಾಡಿಸಿ ನೋಡಿದರು. ಒಂದೊಂದೇ ಪದ ಓದಿದವರು ಶೇ 16ರಷ್ಟು ಮಾತ್ರ. ಅದೇ ಮಾಹಿತಿಯನ್ನು ಸುಮಾರು ಅರ್ಧದಷ್ಟು ಪದಗಳಲ್ಲಿ ಕೊಟ್ಟಾಗ ಪುಟ ಬಳಸುವ ಸುಲಭತೆ ಶೇ 58ರಷ್ಟು ಸುಧಾರಿಸಿತ್ತು. ಹೊಗಳಿಕೆ ತೆಗೆದು ಸಂಗತಿಯನ್ನಷ್ಟೇ ಉಳಿಸಿದ್ದರಿಂದಲೇ ಶೇ 27ರ ಸುಧಾರಣೆ ಕಂಡಿತ್ತು. 2006ರಲ್ಲಿ ಅವರದೇ ತಂಡ 232 ಮಂದಿಯ ಕಣ್ಣಿನ ಚಲನೆ ಅಳೆದಾಗ, ಓದುಗರು ಮೇಲಿನ ಒಂದೆರಡು ಸಾಲನ್ನು ಅಡ್ಡಕ್ಕೆ ನೋಡಿ, ಉಳಿದದ್ದನ್ನು ಎಡ ಅಂಚಿನಲ್ಲೇ ಕೆಳಕ್ಕೆ ಸವರಿಕೊಂಡು ಹೋಗುವುದು ತಿಳಿಯಿತು.

ಕನ್ನಡದಲ್ಲಿ ಬರೆಯುವವರಿಗೆ ಇದರಿಂದ ಒಂದು ವಿಶೇಷ ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಮಾಡುತ್ತೇವೆ'ಯೋ 'ಮಾಡುವುದಿಲ್ಲ'ವೋ ಎಂಬುದು ವಾಕ್ಯ ಮುಗಿಯುವವರೆಗೆ ಗೊತ್ತಾಗದು. ವಾಕ್ಯ 20 ಪದ ದಾಟಿದರೆ ಅಲ್ಲಿಗೆ ಮುಟ್ಟುವ ಮೊದಲೇ ಓದುಗರ ಕಣ್ಣು ಕೆಳಗಿಳಿದಿರುತ್ತದೆ. ಹಾಗಾಗಿ ಎಂಟು ಹತ್ತು ಪದಕ್ಕೆ ವಾಕ್ಯ ಮುಗಿಸಿ. ಸಾಲಿನ ಮೊದಲ ಎರಡು ಪದ 'ನಮ್ಮ ಸಂಸ್ಥೆಯು' ಆಗದೆ ಓದುಗರು ಹುಡುಕುತ್ತಿರುವ ವಸ್ತುವೇ ಆಗಿರಲಿ. 'ಸುಟ್ಟ ಮೋಟರಿಗೆ' ಎಂದು ತೊಡಗಿದ್ದು ಇದಕ್ಕಾಗಿಯೇ. ಒಂದು ಪ್ಯಾರಾಕ್ಕೆ ಮೂರು ನಾಲ್ಕು ವಾಕ್ಯ ಸಾಕು. ಕಂಪ್ಯೂಟರಿನಲ್ಲಿ ನಾಲ್ಕು ಸಾಲಾಗಿ ಕಂಡದ್ದು ಮೊಬೈಲಿನಲ್ಲಿ ಹತ್ತು ಸಾಲಾಗುತ್ತದೆ.

'ಸೇವೆಯನ್ನು ನೀಡಲಾಗುವುದು', 'ಸಂಪರ್ಕಿಸತಕ್ಕದ್ದು' ಎಂಬ ಕಚೇರಿ ಕನ್ನಡವೂ ಬೇಡ. ಯಾರು ನೀಡುತ್ತಾರೆ ಎಂಬುದು ಅದರಲ್ಲಿ ಮರೆಯಾಗುತ್ತದೆ. 'ಮಾಡಿಕೊಡುತ್ತೇವೆ', 'ಫೋನ್ ಮಾಡಿ' ಎಂದರೆ ಮರ್ಯಾದೆಯೇನೂ ಕಡಿಮೆಯಾಗುವುದಿಲ್ಲ. 'ನೀವು' ಎಂದು ತೊಡಗಿದರೆ ಕೊನೆಯವರೆಗೂ 'ನೀವು' ಇರಲಿ. ಒಂದು ಪುಟದಲ್ಲಿ 'ತಾವು', ಇನ್ನೊಂದರಲ್ಲಿ 'ನೀನು' ಬಂದರೆ ಇಬ್ಬರು ಮೂವರು ಬೇರೆ ಬೇರೆ ಕಡೆಯಿಂದ ಮಾತಾಡಿದಂತಾಗುತ್ತದೆ.

ಇಂಗ್ಲಿಷ್ ಪುಟ ಬರೆಸಿ, ಯಂತ್ರಾನುವಾದದ ಗುಂಡಿ ಒತ್ತಿ ಕನ್ನಡ ಪುಟ ಮಾಡಿಕೊಳ್ಳುವುದು ಈಗ ಹೆಚ್ಚುತ್ತಿದೆ. ಹೋಮ್ ಎಂಬುದು 'ಮನೆ' ಆಗುತ್ತದೆ, ಬುಕ್ ನೌ ಎಂಬುದು 'ಈಗ ಪುಸ್ತಕ' ಆಗುತ್ತದೆ. ಮೆನುವಿನ ಪದಗಳು ಒಂಟಿಯಾಗಿ ಇರುವುದರಿಂದ ಯಂತ್ರಕ್ಕೆ ಸಂದರ್ಭ ಸಿಗುವುದಿಲ್ಲ, ಎಡವುವುದು ಹೆಚ್ಚಾಗಿ ಅಲ್ಲೇ. ಕಡೇಪಕ್ಷ ಮೆನು, ಗುಂಡಿ, ಫಾರಂಗಳ ಪದಗಳನ್ನಾದರೂ ಕನ್ನಡ ಬಲ್ಲವರು ಒಂದೊಂದಾಗಿ ನೋಡಬೇಕು. ಎಐ ಬರೆದುಕೊಡುವ ಒಕ್ಕಣೆಯ ತೊಂದರೆ ಬೇರೆ ಬಗೆಯದು. ಅದರ ವ್ಯಾಕರಣ ಸರಿಯಿರಬಹುದು, ಆದರೆ ನಿಮ್ಮ ಅಂಗಡಿಯಲ್ಲಿ ಮೋಟರ್ ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಹೇಳದಿದ್ದರೆ ಅದೇ ಮೂರು ಗುಣಗಳನ್ನು ನುಣ್ಣಗೆ ಬರೆದುಕೊಡುತ್ತದೆ. ನೋಟ್‌ಬುಕ್ಕಿನ ಪ್ರಶ್ನೆ, ಉತ್ತರ, ಮಿತಿ, ಸಮಯ ಎಲ್ಲವನ್ನೂ ಕೊಟ್ಟು ಬರೆಸಿದರೆ ಕರಡಾಗಿ ಬಳಸಿಕೊಳ್ಳಬಹುದು. ಅದು ತಾನಾಗಿ ಸೇರಿಸಿದ ಅಂಕಿ, ಭರವಸೆಗಳನ್ನು ಹುಡುಕಿ ತೆಗೆಯಲೇಬೇಕು. ಮಾಲೀಕರು ಕೊಡದ ಗ್ಯಾರಂಟಿಯೊಂದು ಪುಟದಲ್ಲಿ ಕುಳಿತರೆ, ಗಿರಾಕಿ ಅದನ್ನು ತೋರಿಸಿ ಕೇಳುವುದು ಮಾಲೀಕರನ್ನೇ.

ಗೂಗಲ್‌ನ ಹುಡುಕು ಫಲಿತಾಂಶದಲ್ಲಿ ಕಾಣುವ ಶೀರ್ಷಿಕೆ, ಅದರ ಕೆಳಗಿನ ಎರಡು ಸಾಲಿನ ವಿವರಣೆ, ಇವೂ ಒಕ್ಕಣೆಯ ಭಾಗವೇ. ಶೀರ್ಷಿಕೆಯ ಜಾಗದಲ್ಲಿ 'ಮುಖಪುಟ' ಎಂದಷ್ಟೇ ಇರುವ ತಾಣಗಳು ಲೆಕ್ಕವಿಲ್ಲ. ಅಂಗಡಿ ಏನು ಮಾಡುತ್ತದೆ, ಎಲ್ಲಿದೆ, ಹೆಸರೇನು, ಈ ಕ್ರಮದಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಾದರೆ ಶೀರ್ಷಿಕೆಗೆ 50ರಿಂದ 60, ವಿವರಣೆಗೆ 150ರ ಆಸುಪಾಸು ಅಕ್ಷರ ಎಂಬುದು ರೂಢಿಯ ಲೆಕ್ಕ. ಆದರೆ ಗೂಗಲ್ ಶೀರ್ಷಿಕೆಯನ್ನು ತೆರೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ಕನ್ನಡದ ಅಕ್ಷರ ಹೆಚ್ಚು ಜಾಗ ತಿನ್ನುವುದರಿಂದ ಮುಖ್ಯ ಮಾತು ಮೊದಲ ನಾಲ್ಕೈದು ಪದಗಳಲ್ಲೇ ಮುಗಿಯಲಿ. ಪ್ರತಿ ಪುಟಕ್ಕೂ ಬೇರೆ ಬೇರೆ ಶೀರ್ಷಿಕೆ ಇರಬೇಕು. ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಸೇರಿಸುವ ಮೆಟಾ ಕೀವರ್ಡ್ ಪಟ್ಟಿ ತುಂಬಿಸಿಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಬೇಡವೆನ್ನಿ; ಪುಟಗಳ ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಇನ್ನು ಗುಂಡಿಗಳು. 'ಇಲ್ಲಿ ಕ್ಲಿಕ್ ಮಾಡಿ', 'ಇನ್ನಷ್ಟು ಓದಿ', 'ಸಲ್ಲಿಸಿ' ಎಂದರೆ ಒತ್ತಿದ ಮೇಲೆ ಏನಾಗುತ್ತದೆಂದು ತಿಳಿಯುವುದಿಲ್ಲ. ಕಣ್ಣು ಕಾಣದವರು, ತೆರೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಕೊಂಡಿಗಳ (ಲಿಂಕ್) ಪಟ್ಟಿಯನ್ನಷ್ಟೇ ಕೇಳಿಸಿಕೊಳ್ಳುವುದುಂಟು. ಅವರ ಕಿವಿಗೆ 'ಇಲ್ಲಿ, ಇಲ್ಲಿ, ಇಲ್ಲಿ' ಎಂದಷ್ಟೇ ಬೀಳುತ್ತದೆ. 'ಮೋಟರಿನ ಫೋಟೊ ಕಳಿಸಿ, ಅಂದಾಜು ಖರ್ಚು ತಿಳಿಯಿರಿ' ಎಂದು ಬರೆದರೆ ಎಲ್ಲರಿಗೂ ಅನುಕೂಲ. ಫಾರಂನಲ್ಲಿ ಹೆಸರು, ಫೋನ್ ನಂಬರ್, ತೊಂದರೆ ಏನು, ಈ ಮೂರೇ ಸಾಕು. ಇಮೇಲ್ ಕಡ್ಡಾಯ ಮಾಡಿದರೆ ಇಮೇಲ್ ಬಳಸದವರು ಅಲ್ಲಿಗೇ ನಿಲ್ಲುತ್ತಾರೆ. ಕಳಿಸಿದ ಮೇಲೆ ಬರುವ ಸಾಲು ಬರಿಯ 'ಧನ್ಯವಾದ' ಆಗದಿರಲಿ. 'ಇಂದು ಸಂಜೆ ಆರರೊಳಗೆ ಫೋನ್ ಮಾಡುತ್ತೇವೆ' ಎಂದಿದ್ದರೆ ಅವರು ಇನ್ನೊಂದು ಅಂಗಡಿ ಹುಡುಕುವುದಿಲ್ಲ. ಹೇಳಿದ ಹೊತ್ತಿಗೆ ಫೋನ್ ಮಾಡಲು ಆಗುವಂತಿದ್ದರೆ ಮಾತ್ರ ಹಾಗೆ ಬರೆಯಬೇಕು.

ಫೋನ್ ನಂಬರ್ ಚಿತ್ರದೊಳಗೆ ಇರಲೇಬಾರದು. ಚಿತ್ರದಲ್ಲಿದ್ದರೆ ಒತ್ತಿ ಕರೆ ಮಾಡಲಾಗದು, ಸ್ಕ್ರೀನ್ ರೀಡರ್ ಓದದು. ವಾಟ್ಸ್‌ಆ್ಯಪ್ ಕೊಂಡಿ ಕೊಡುವಾಗ ದೇಶದ ಕೋಡ್ ಸಮೇತ ಅಂಕಿಗಳನ್ನಷ್ಟೇ ಹಾಕಿ. ಪ್ಲಸ್ ಚಿಹ್ನೆ, ಮೊದಲ ಸೊನ್ನೆ, ನಡುವಿನ ಅಡ್ಡಗೆರೆ ಸೇರಿದರೆ ಕೊಂಡಿ ಕೈಕೊಡಬಹುದು. ಹಾಗೆಯೇ, ಹಳೆಯ ಕಾಲದ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಬರಹವನ್ನು ನೇರವಾಗಿ ಪುಟಕ್ಕೆ ಅಂಟಿಸಬೇಡಿ. ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟಿಲ್ಲದ ಮೊಬೈಲಿನಲ್ಲಿ ಅದೇ ಕಾಣುತ್ತದೆ, ಗೂಗಲ್‌ಗೂ ಅದೇ ಸಿಗುತ್ತದೆ. ಪರಿವರ್ತಕ ತಂತ್ರಾಂಶ ಬಳಸಿ, ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ತಂದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ, ಕೆಡುವುದು ಅಲ್ಲೇ. ಎರಡೂ ಅಂಚು ಸಮ ಮಾಡುವ ಜೋಡಣೆಯೂ ಬೇಡ. ಕನ್ನಡದ ಪದಗಳು ಉದ್ದ, ಮೊಬೈಲಿನ ಸಾಲು ಗಿಡ್ಡ, ಪದಗಳ ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತದೆ.

ಬೆಲೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ. 'ಬೆಲೆಗಾಗಿ ಸಂಪರ್ಕಿಸಿ' ಎಂದು ಮಾತ್ರ ಬರೆದರೆ ದುಬಾರಿಯೇ ಇರಬೇಕೆಂದು ಓದುಗರು ಊಹಿಸಿಕೊಳ್ಳುತ್ತಾರೆ. ನಿಖರ ದರ ಹೇಳಲಾಗದ ಕೆಲಸವಾದರೆ, ದರ ಯಾವುದರಿಂದ ಏರಿಳಿಯುತ್ತದೆ ಎಂದಾದರೂ ಬರೆಯಬೇಕು: ಮೋಟರಿನ ಎಚ್‌ಪಿ, ತಂತಿ ತಾಮ್ರದ್ದೋ ಅಲ್ಯೂಮಿನಿಯಂನದ್ದೋ, ಬೇರಿಂಗ್ ಬದಲಿಸಬೇಕೋ ಬೇಡವೋ. ಅಷ್ಟು ಓದಿಕೊಂಡು ಫೋನ್ ಮಾಡಿದವರ ಜತೆ ಮಾತು ಬೇಗ ಮುಗಿಯುತ್ತದೆ.

ಗ್ರಾಹಕರ ಮೆಚ್ಚುಗೆಯ ಮಾತು ಹಾಕುವುದಾದರೆ ನಿಜವಾಗಿ ಆಡಿದ್ದನ್ನೇ, ಅವರ ಒಪ್ಪಿಗೆ ಪಡೆದು ಹಾಕಿ. ಟೆಂಪ್ಲೇಟಿನ ಜತೆ ಬಂದ ನಗುಮುಖದ ಫೋಟೊ, ಹುಟ್ಟಿಸಿದ ಹೆಸರು ಯಾರನ್ನೂ ನಂಬಿಸುವುದಿಲ್ಲ.

ಬರೆದಾದ ಮೇಲೆ ಪರೀಕ್ಷೆ ಕಷ್ಟವೇನಲ್ಲ. ಈ ಕಸುಬು ಗೊತ್ತಿಲ್ಲದ ಒಬ್ಬರಿಗೆ ಮೊಬೈಲಿನಲ್ಲಿ ಮುಖಪುಟವನ್ನು ಐದು ಸೆಕೆಂಡ್ ತೋರಿಸಿ, ಮುಚ್ಚಿ, ಮೂರು ಪ್ರಶ್ನೆ ಕೇಳಿ: ಇವರು ಏನು ಮಾಡುತ್ತಾರೆ, ಯಾರಿಗೆ, ಬೇಕಾದರೆ ಏನು ಮಾಡಬೇಕು? ಮೂರರಲ್ಲಿ ಒಂದು ತಪ್ಪಿದರೂ ಮೊದಲ ತೆರೆಯ ಸಾಲುಗಳನ್ನು ತಿದ್ದಿ. ಆಮೇಲೆ ಇಡೀ ಪುಟವನ್ನು ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಮುರಿಯಬೇಕು. ತಾಣ ಶುರುವಾಗಿ ಕೆಲವು ತಿಂಗಳಾದ ಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ನೋಡಿ, ಜನ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಮಂದಿ ಒತ್ತಿದರು ಎಂಬುದು ಉಚಿತವಾಗಿ ಸಿಗುತ್ತದೆ. ಬಹಳ ಸಲ ಕಂಡೂ ಯಾರೂ ಒತ್ತದ ಪುಟವಿದ್ದರೆ ಮೊದಲು ಅದರ ಶೀರ್ಷಿಕೆ ಮತ್ತು ವಿವರಣೆಯನ್ನು ಬೇರೆ ಬರೆದು ನೋಡಿ.

ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡುವವರಲ್ಲಿ, ತಾಣ ಕಟ್ಟಿಕೊಡುವವರಲ್ಲಿ ನಮ್ಮ ಕೋರಿಕೆ ಇಷ್ಟು. ಕರಾರಿನಲ್ಲಿ ಎರಡು ಸಾಲು ಸೇರಿಸಿ. ಒಕ್ಕಣೆ ಒಪ್ಪಿಗೆಯಾಗುವವರೆಗೆ ವಿನ್ಯಾಸ ಶುರುವಾಗದು ಎಂಬುದು ಒಂದು. ಪುಟದ ಪದಗಳನ್ನು ಮಾಲೀಕರೇ ಬದಲಿಸಿಕೊಳ್ಳುವಂತೆ ಲಾಗಿನ್ ಕೊಟ್ಟು, ಅರ್ಧ ಗಂಟೆ ಕೂತು ತೋರಿಸಿಕೊಡಬೇಕು ಎಂಬುದು ಇನ್ನೊಂದು. ಈ ಎರಡನೆಯದು ಇಲ್ಲದ ಕಡೆ ಫೋನ್ ನಂಬರ್ ಬದಲಾದರೂ, ಅಂಗಡಿಯ ವೇಳೆ ಬದಲಾದರೂ ತಾಣದಲ್ಲಿ ಹಳೆಯದೇ ಉಳಿದಿರುತ್ತದೆ, ಅದನ್ನು ನಂಬಿ ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗುತ್ತಾರೆ.

ಇಂತಿ,
ಜಾಲತಾಣಗಳಿಗೆ ಒಕ್ಕಣೆ ಬರೆಯುವ ಓದುಗರು