ಕುಡಿತ ಬಿಡಿಸಲು ಕದ್ದು ಮಾತ್ರೆ ಹಾಕಬೇಡಿ

ಮಾನ್ಯರೇ,

ನಮ್ಮಣ್ಣ ಹನ್ನೆರಡು ವರ್ಷ ಕುಡಿದ. ಆಣೆ ಮಾಡಿಸಿದೆವು, ಹರಕೆ ಹೊತ್ತೆವು. ಯಾರೋ ಹೇಳಿದರೆಂದು ಅತ್ತಿಗೆ ಅವನಿಗೆ ಗೊತ್ತಾಗದಂತೆ ಸಾರಿನಲ್ಲಿ ಮಾತ್ರೆ ಬೆರೆಸಿದರು. ಆ ರಾತ್ರಿ ಕುಡಿದು ಬಂದವನಿಗೆ ಎದೆ ಡವಡವ ಹೊಡೆದುಕೊಂಡು, ವಾಂತಿಯಾಗಿ, ಜೀವ ಹೋದಂತಾಯಿತು. ಡೈಸಲ್ಫಿರಾಮ್ ಎಂಬ ಆ ಮಾತ್ರೆಯನ್ನು ರೋಗಿಗೆ ತಿಳಿಸದೆ ಕೊಡಲೇಬಾರದಂತೆ. ಡಾಕ್ಟರ್ ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಅವನು ಕುಡಿಯದೆ ಇದ್ದ ಹೊತ್ತಿನಲ್ಲಿ, ಅಮ್ಮ, ಅತ್ತಿಗೆ, ಅವನ ಮಗಳು ಮತ್ತು ನಾನು ಅವನ ಜೊತೆ ಕೂತೆವು. ನೆಂಟರನ್ನು ಕರೆಯಲಿಲ್ಲ. ಅದು ಪಂಚಾಯ್ತಿ ಆಗಬಾರದಲ್ವಾ? ಏನು ಹೇಳಬೇಕೆಂದು ಮೊದಲೇ ಮಾತಾಡಿಕೊಂಡಿದ್ದೆವು. ಯಾರೂ ಬೈಯಲಿಲ್ಲ. ‘ಅಪ್ಪಾ, ಸ್ಕೂಲ್ ಡೇ ದಿನ ನೀನು ಗೇಟಿನ ಹತ್ತಿರ ಬಿದ್ದಿದ್ದೆ, ನಂಗೆ ಅಳು ಬಂತು’ ಎಂದಳು ಮಗಳು. ‘ಇನ್ನು ನಿನ್ನ ಸಾಲ ತೀರಿಸಲ್ಲ ಅಣ್ಣಾ, ಆಸ್ಪತ್ರೆಗಾದ್ರೆ ದಿನಾ ಜೊತೆಗೆ ಬರ್ತೀನಿ’ ಎಂದೆ ನಾನು. ಅವನು ಎದ್ದು ಹೋದ. ಮೂರು ವಾರ ಬಿಟ್ಟು ತಾನೇ ಬಂದು ‘ನಡಿ’ ಅಂದ.

ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಕೆಲಸವಲ್ಲ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರೂ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಈ ನಂಬರನ್ನು ಪ್ರತಿ ಹಳ್ಳಿಯ ಆಸ್ಪತ್ರೆ ಗೋಡೆ ಮೇಲೆ, ನ್ಯಾಯಬೆಲೆ ಅಂಗಡಿ ಮುಂದೆ ಸರ್ಕಾರ ದೊಡ್ಡದಾಗಿ ಬರೆಸಲಿ.

– ಒಬ್ಬ ತಮ್ಮ, ಹಾಸನ