ಮ್ಯಾಗ್ನೀಷಿಯಂ ಶೀಟಿಗೆ ಇನ್ನು ಮುಂದೆ ದಪ್ಪಕ್ಕೆ ತಕ್ಕ ರೇಟು

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಮ್ಯಾಗ್ನೀಷಿಯಂ ಅಲಾಯ್ ಶೀಟಿಗೆ ಎಲ್ಲ ದಪ್ಪಕ್ಕೂ ಒಂದೇ ಕೆಜಿ ರೇಟು ಇರುವುದಿಲ್ಲ. 3 ಎಂಎಂ ಮತ್ತು ಅದಕ್ಕಿಂತ ದಪ್ಪ ಶೀಟಿನ ರೇಟು ಸ್ವಲ್ಪ ಇಳಿಯುತ್ತದೆ. 2 ಎಂಎಂ ಈಗಿನ ರೇಟಿಗೇ ಸಿಗುತ್ತದೆ. ಅದಕ್ಕಿಂತ ತೆಳು ಆದರೆ ಏರುತ್ತದೆ, 1 ಎಂಎಂಗಿಂತ ಕೆಳಗೆ ಜಾಸ್ತಿಯೇ ಏರುತ್ತದೆ. ಆ ತೆಳು ಶೀಟನ್ನು ಸ್ಟಾಕಿನಲ್ಲೂ ಇಡುವುದಿಲ್ಲ. ಆರ್ಡರ್ ಕೊಟ್ಟ ಮೇಲೆ ಮೂರು ವಾರ ಬೇಕು. ಡ್ರೋನ್ ಬಾಡಿ, ಸೀಟ್ ಫ್ರೇಮ್ ಮಾಡುವವರಿಗೆ ಇದು ಹೊರೆ ಅಂತ ನಮಗೆ ಗೊತ್ತು. ದಯವಿಟ್ಟು ಕ್ಷಮಿಸಿ.

ಹೊಸ ಶೆಡ್ಡು, ಎರಡನೇ ಫರ್ನೇಸು, ಅದರ ಸಾಲ ಇವೆಲ್ಲ ನಿಮಗೆ ಗೊತ್ತೇ ಇದೆ. ರೇಟಿಗೆ ಅದೇ ಕಾರಣ ಅಂತ ಇಲ್ಲಿ ಎತ್ತುವುದಿಲ್ಲ. ಆದರೆ ಒಂದು ಮಾತನ್ನು ಫೋನಿನಲ್ಲಿ, ಉದ್ಯಮಬಾಗದ ಚಹಾ ಅಂಗಡಿಯಲ್ಲಿ, ಕೊನೆಗೆ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದೇವೆ. "ಸಾಹೇಬ್ರ, ಮ್ಯಾಗ್ನೀಷಿಯಂ ಗಟ್ಟಿ (ಅಚ್ಚು ಹಾಕಿದ ಕಚ್ಚಾ ಲೋಹ) ರೇಟು ಅಲ್ಯೂಮಿನಿಯಂಗಿಂತ ಅಷ್ಟೇನೂ ದೂರ ಇಲ್ಲ. ಶೀಟಿಗ್ಯಾಕ್ರೀ ಇಷ್ಟು ತೊಗೋತೀರಿ?"

ಇದಕ್ಕೆ ಬಿಡಿಸಿ ಉತ್ತರ ಹೇಳಲೇಬೇಕು.

ನಿಮ್ಮ ದುಡ್ಡು ಹೋಗುವುದು ಗಟ್ಟಿಗಿಂತ ಜಾಸ್ತಿ ರೋಲಿಂಗ್‌ಗೆ. ಅಲ್ಯೂಮಿನಿಯಂ ಶೀಟನ್ನು ತಣ್ಣಗಿದ್ದಾಗಲೇ ರೋಲರಿಗೆ ಕೊಟ್ಟು ತೆಳು ಮಾಡಬಹುದು. ಮ್ಯಾಗ್ನೀಷಿಯಂ ಹಾಗೆ ಕೇಳುವುದಿಲ್ಲ. ತಣ್ಣಗಿದ್ದಾಗ ಅದರ ಹರಳುಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನ ಪದರದಲ್ಲಿ ಜಾರುತ್ತವೆ. 225 ಡಿಗ್ರಿ ದಾಟಿದ ಮೇಲೆ ಬೇರೆ ಪದರಗಳೂ ಸಡಿಲವಾಗುತ್ತವೆ. ಜೋಳದ ರೊಟ್ಟಿ ಬಿಸಿ ಇದ್ದಾಗ ಮಡಚಬಹುದು, ಕಟಕ ಆದ ಮೇಲೆ ಮುರಿಯುತ್ತದೆ, ಅಲ್ವಾ? ನಮ್ಮ ಶೀಟೂ ಹಾಗೇ.

ಈಗ ಲೆಕ್ಕ ನೋಡಿ. ನೀವು ಒಯ್ಯುವ ಎಝಡ್31 ಅಲಾಯ್‌ನಲ್ಲಿ ಶೇ. 3ರಷ್ಟು ಅಲ್ಯೂಮಿನಿಯಂ, ಶೇ. 1ರಷ್ಟು ಸತು ಇರುತ್ತದೆ. ಒಂದೊಂದು ಪಾಸಿಗೆ, ಅಂದರೆ ರೋಲರಿನ ನಡುವೆ ಒಂದೊಂದು ಸಲ ಹಾಯಿಸಿದಾಗ, ದಪ್ಪದ ಐದನೇ ಒಂದು ಭಾಗ ಇಳಿಸುತ್ತೇವೆ ಅಂತ ಇಟ್ಟುಕೊಳ್ಳಿ. 6 ಎಂಎಂ ಪಟ್ಟಿ 3 ಎಂಎಂ ಆಗಲು ಮೂರು ಪಾಸ್ ಹತ್ತಿರ ಹತ್ತಿರ ಸಾಕು. ಅದೇ ಪಟ್ಟಿ 0.8 ಎಂಎಂ ಆಗಬೇಕಾದರೆ ಒಂಬತ್ತು ಪಾಸ್. ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆವು. ದಪ್ಪ ಪಟ್ಟಿ ಒಮ್ಮೆ ಕಾಯಿಸಿದರೆ ಎರಡು ಪಾಸ್ ತಾಳುತ್ತದೆ. ತೆಳು ಶೀಟ್ ಫರ್ನೇಸಿನ ಬಾಗಿಲಿನಿಂದ ರೋಲರಿನ ತನಕ ಬರುವಷ್ಟರಲ್ಲೇ ಶಾಖ ಬಿಟ್ಟುಕೊಡುತ್ತದೆ. ಇಕ್ಕಳ ಹಿಡಿದ ಇಬ್ಬರು ಒಂದು ಕ್ಷಣ ತಡ ಮಾಡಿದರೂ ಅಂಚಿನಲ್ಲಿ ಟಿಕ್ ಅಂತ ಸದ್ದು ಬರುತ್ತದೆ, ಗರಗಸದ ಹಲ್ಲಿನಂತೆ ಬಿರುಕು ಸಾಲಾಗಿ ಏಳುತ್ತದೆ. ಹಾಗಾಗಿ ಪ್ರತಿ ಪಾಸಿಗೂ ಮತ್ತೆ ಕಾಯಿಸಬೇಕು. ನಡುವೆ ಕರೆಂಟ್ ಹೋದರೆ ಆ ಸಲದ ಮಾಲು ಪೂರ್ತಿ ತಣ್ಣಗಾಗಿ ಮೊದಲಿನಿಂದ ಶುರು.

ಬಿರುಕು ಬಿಟ್ಟ ಅಂಚು ಕತ್ತರಿಸಲೇಬೇಕು. ಆ ಕತ್ತರಿಸಿದ್ದನ್ನು ಮತ್ತೆ ಕರಗಿಸಿಕೊಳ್ಳಿ ಅನ್ನುವವರಿದ್ದಾರೆ. ಕರಗಿದ ಮ್ಯಾಗ್ನೀಷಿಯಂ ಗಾಳಿ ತಾಗಿದರೆ ಹತ್ತಿಕೊಳ್ಳುತ್ತದೆ. ಅದರ ಮೇಲೆ ರಕ್ಷಣೆಯ ಅನಿಲ ಹರಿಸಬೇಕು. ಹಳೇ ರೂಢಿಯ ಎಸ್‌ಎಫ್6 ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 20,000 ಪಟ್ಟಿಗೂ ಹೆಚ್ಚು. ಅದನ್ನು ನಮ್ಮ ಶೆಡ್ಡಿನಲ್ಲಿ ತೆರೆಯುವ ಮನಸ್ಸಿಲ್ಲ. ಅದಕ್ಕೇ ಅಂಚಿನ ಸ್ಕ್ರ್ಯಾಪು ಬಂದಷ್ಟಕ್ಕೆ ಮಾರಿ ಹೋಗುತ್ತದೆ. ವಿಮೆಯ ಕಂತು, ಒಣ ಮರಳು, ಲೋಹದ ಬೆಂಕಿಗೆಂದೇ ಇರುವ ಸಿಲಿಂಡರು ಬೇರೆ. ಬೆಳಗಾವಿಯ ಮಳೆಗಾಲವಂತೂ ನಿಮಗೆ ಹೇಳಬೇಕಿಲ್ಲ. ಶೀಟಿನ ನಡುವಿನ ಕಾಗದ ತೇವ ಹೀರಿದರೆ ಬೂದು ಕಲೆ ಬೀಳುತ್ತದೆ. ಅದಕ್ಕೆ ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿಯೇ ಕಳಿಸುತ್ತೇವೆ. ಇದನ್ನು ಯಾವ ಬಿಲ್ಲಿನಲ್ಲೂ ಬೇರೆಯಾಗಿ ಹಾಕಿಲ್ಲ.

ಇಷ್ಟು ದಿನ ದಪ್ಪ ಶೀಟ್ ಒಯ್ಯುವವರು ತೆಳು ಶೀಟಿನವರ ಖರ್ಚನ್ನೂ ಹೊರುತ್ತಿದ್ದರು. ಅದು ಸರಿಯಲ್ಲ.

ಇನ್ನೊಂದು ಕೋರಿಕೆ. ದಯವಿಟ್ಟು ಕೆಜಿಗೆ ಕೆಜಿ ಹೋಲಿಸಬೇಡಿ. ಅದೇ ದಪ್ಪದಲ್ಲಿ ನಮ್ಮ ಶೀಟ್ ಅಲ್ಯೂಮಿನಿಯಂಗಿಂತ ಮೂರನೇ ಒಂದು ಭಾಗ ಹಗುರ. ಅಂದರೆ ಒಂದು ಕೆಜಿಗೆ ಒಂದೂವರೆ ಪಟ್ಟು ವಿಸ್ತೀರ್ಣದ ಶೀಟ್ ಸಿಗುತ್ತದೆ. ಬಾಗದ ಬಿಗಿ ಅಷ್ಟೇ ಬೇಕು ಅಂದರೆ ದಪ್ಪವನ್ನು ಶೇ. 16ರಷ್ಟು ಏರಿಸಬೇಕು, ನಿಜ. ಆಗಲೂ ತೂಕ ಸುಮಾರು ಕಾಲು ಭಾಗ ಕಡಿಮೆಯೇ ಆಗುತ್ತದೆ. ಗಾಡಿಗೋ ವಿಮಾನಕ್ಕೋ ಪಾರ್ಟು ಮಾಡುವವರು ನಮ್ಮ ಹತ್ತಿರ ಬರುವುದು ಆ ಕಾಲು ಭಾಗಕ್ಕೇ.

2021ರಲ್ಲಿ ಚೀನಾದಲ್ಲಿ ಕರೆಂಟ್ ಕಡಿತವಾಗಿ ಮ್ಯಾಗ್ನೀಷಿಯಂ ಕಾರ್ಖಾನೆಗಳು ನಿಂತು ಗಟ್ಟಿ ರೇಟು ಆಕಾಶಕ್ಕೆ ಹೋದಾಗಲೂ ಒಪ್ಪಿಕೊಂಡ ಆರ್ಡರಿಗೆ ನಾವು ಒಂದು ರೂಪಾಯಿ ಏರಿಸಲಿಲ್ಲ. ಈಗಲೂ ಅಷ್ಟೇ. ಈ ತಿಂಗಳ ಕೊನೆಯವರೆಗೆ ಬಂದ ಆರ್ಡರುಗಳೆಲ್ಲ, ತೆಳು ಶೀಟೂ ಸೇರಿ, ಹಳೇ ರೇಟಿಗೇ ಹೋಗುತ್ತವೆ. ಸಣ್ಣ ಆರ್ಡರ್ ಅಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ, ಎರಡು ಶೀಟ್ ಬೇಕಿದ್ದರೂ ಕೇಳಿ. ನಿಮ್ಮ ಡ್ರಾಯಿಂಗ್ ತಂದರೆ 0.8ರ ಬದಲು 1.2 ನಡೆಯುತ್ತದೋ ಇಲ್ಲವೋ ಕೂತು ನೋಡೋಣ. ಎಷ್ಟೋ ಪಾರ್ಟುಗಳಿಗೆ ನಡೆಯುತ್ತದೆ. ಬಗ್ಗಿಸುವ ಕೆಲಸವಿದ್ದರೆ ಹೇಳಿ, ಬಿಸಿ ಮಾಡಿ ನಾವೇ ಬಗ್ಗಿಸಿ ಕೊಡುತ್ತೇವೆ.

ಹೊಸ ರೇಟ್ ಕಾರ್ಡ್ ಈ ಪತ್ರದ ಜೊತೆಗಿದೆ. ಲೆಕ್ಕದಲ್ಲಿ ಅನುಮಾನ ಇದ್ದವರು ಯಾವ ದಿನವಾದರೂ ಶೆಡ್ಡಿಗೆ ಬನ್ನಿ, ರೋಲಿಂಗ್ ನಡೆಯುವಾಗ ಪಕ್ಕದಲ್ಲೇ ನಿಂತು ಪಾಸ್ ಎಣಿಸಿ.

ನಿಮ್ಮ,
ಮಾಲೀಕರು ಮತ್ತು ಎಲ್ಲ ಕೆಲಸಗಾರರು
ಉದ್ಯಮಬಾಗ, ಬೆಳಗಾವಿ