ಕೆಮ್ಮಣ್ಣುಗುಂಡಿಯ ಕಾಲುದಾರಿ ಕಾಲುದಾರಿಯಾಗಿಯೇ ಇರಲಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು, ಚಳಿ ಇನ್ನೂ ಬಲಿಯದ ಕಾರ್ತಿಕ–ಮಾರ್ಗಶಿರದ ಈ ದಿನಗಳಲ್ಲಿ ಮಲೆನಾಡಿನ ಚಾರಣವೆಂದರೆ ಕುದುರೆಮುಖ, ಕುಮಾರಪರ್ವತಗಳ ಹೆಸರೇ ಮೊದಲು ಕೇಳಿಬರುತ್ತದೆ. ದಿನವಿಡೀ ಏರಿ ಇಳಿಯಬೇಕಾದ ಆ ದಾರಿಗಳಿಗೆ ಅರಣ್ಯ ಇಲಾಖೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ ಜನದಟ್ಟಣೆಗೆ ಕಡಿವಾಣ ಹಾಕಿರುವುದು ಸ್ವಾಗತಾರ್ಹ. ಆದರೆ ಅಷ್ಟು ದೊಡ್ಡ ಏರನ್ನು ಹತ್ತಲಾಗದ ಹಿರಿಯರಿಗೂ ಮಕ್ಕಳಿಗೂ ಕಾಡಿನ ನಡುವೆ ನಿಧಾನವಾಗಿ ನಡೆದು ಬೆಟ್ಟಸಾಲನ್ನು ಕಣ್ತುಂಬಿಕೊಳ್ಳುವ ದಾರಿಗಳು ಬೇಕು. ಅಂಥವು ನಮ್ಮಲ್ಲಿ ಕೆಲವೇ ಇದ್ದು, ಕೆಮ್ಮಣ್ಣುಗುಂಡಿಯಿಂದ ಝಡ್ ಪಾಯಿಂಟ್ ಎಂಬ ವೀಕ್ಷಣಾ ತಾಣಕ್ಕೆ ಹೋಗುವ ದಾರಿ ಅವುಗಳಲ್ಲೊಂದು.

ತರೀಕೆರೆ ತಾಲ್ಲೂಕಿನ ಈ ಗಿರಿಧಾಮ ಸಮುದ್ರ ಮಟ್ಟದಿಂದ ಸುಮಾರು 1,430 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ತಂಗುದಾಣವಾಗಿದ್ದ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಬೆಟ್ಟವಿದು. ಇಲ್ಲಿಗೆ ವಾಹನದಲ್ಲೇ ಬರಬಹುದಾದ್ದರಿಂದ ಏರಿನ ಶ್ರಮವೆಲ್ಲ ಮೊದಲೇ ಮುಗಿದಿರುತ್ತದೆ. ಮುಂದಿನ ದಾರಿ ಬೆಟ್ಟದ ಮಗ್ಗುಲನ್ನು ಹಿಡಿದು, ಶಾಂತಿ ಜಲಪಾತವನ್ನು ಹಾದು, ಬಹುಮಟ್ಟಿಗೆ ಸಮತಟ್ಟಾಗಿಯೇ ಸಾಗುತ್ತದೆ. ಕೊನೆಯಲ್ಲಿ ಮಾತ್ರ ಕಿರಿದಾಗಿ, ಹುಲ್ಲಿನ ನಡುವೆ ತುಸು ಏರುತ್ತದೆ.

ಇದರ ಸೊಗಸು ತೆರೆದುಕೊಳ್ಳುವುದು ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರಗಳವರೆಗೆ. ಆ ಹೊತ್ತಿಗೆ ಇಂಬಳಗಳ ಕಾಟ ತಗ್ಗಿರುತ್ತದೆ. ಬೆಟ್ಟದ ಮಡಿಕೆಗಳಲ್ಲಿರುವ ಶೋಲಾ ಕಾಡುಗಳು ಹಿಡಿದಿಟ್ಟುಕೊಂಡ ಮಳೆನೀರು ತೊರೆಗಳಲ್ಲಿ ಇನ್ನೂ ಹರಿಯುತ್ತಿರುತ್ತದೆ. ಬುಡದಲ್ಲಿ ಹಸಿರಾಗಿಯೇ ಉಳಿದ ಹುಲ್ಲು ತುದಿಯಲ್ಲಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಉತ್ತರದಿಂದ ವಲಸೆ ಬಂದ ಬೂದು ಸಿಪಿಲೆ ಒದ್ದೆ ಕಲ್ಲಿನ ಮೇಲೆ ಬಾಲ ಕುಣಿಸುತ್ತ, ನಾವು ಹತ್ತಿರವಾದಂತೆ ನಾಲ್ಕು ಮಾರು ಮುಂದೆ ಹಾರಿ ಮತ್ತೆ ಅದೇ ದಾರಿಯಲ್ಲಿ ಕೂರುತ್ತದೆ. ಅದರ ಹೊಟ್ಟೆಯ ಹಳದಿ ಬಣ್ಣವನ್ನು ಬರಿಗಣ್ಣಿನಿಂದಲೇ ನೋಡಬಹುದು. ಬೆಳಗಿನ ಮಂಜು ಕರಗಿದ ಮೇಲೆ ಬಾಬಾಬುಡನ್‌ಗಿರಿ ಶ್ರೇಣಿಯ ಬೆಟ್ಟಗಳು ಒಂದರ ಹಿಂದೊಂದು ಸ್ಪಷ್ಟವಾಗಿ ಗೋಚರಿಸುತ್ತವೆ. ಫೆಬ್ರವರಿಯ ಹೊತ್ತಿಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾಗುತ್ತದೆ, ದೂರದ ನೋಟವೂ ಮಸುಕಾಗುತ್ತದೆ.

ಗಿರಿಧಾಮವನ್ನು ನೋಡಿಕೊಳ್ಳುವ ತೋಟಗಾರಿಕೆ ಇಲಾಖೆ ಮತ್ತು ಸುತ್ತಲಿನ ಕಾಡಿನ ಹೊಣೆ ಹೊತ್ತ ಅರಣ್ಯ ಇಲಾಖೆಗಳಲ್ಲಿ ನನ್ನ ಮನವಿಯೆಂದರೆ, ಈ ದಾರಿಯನ್ನು ಕಾಲುದಾರಿಯಾಗಿಯೇ ಉಳಿಸಿಕೊಡಬೇಕು. ಅಭಿವೃದ್ಧಿ ಎಂದಾಕ್ಷಣ ಕಾಂಕ್ರೀಟ್ ಸುರಿದು, ಇಂಟರ್‌ಲಾಕ್ ಕಲ್ಲು ಹಾಸಿ, ಕಬ್ಬಿಣದ ರೇಲಿಂಗ್ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿದರೆ ವಯಸ್ಸಾದವರು ಜಾರಿ ಬೀಳುವ ಅಪಾಯ ಹೆಚ್ಚು. ದಾರಿ ಅಗಲವಾದರೆ ಬೈಕು, ಜೀಪುಗಳು ಹಿಂದೆಯೇ ಬರುತ್ತವೆ. ಇಲ್ಲಿ ಬೇಕಿರುವುದು ಮಳೆಗಾಲ ಮುಗಿದ ಕೂಡಲೇ ಬಿದ್ದ ಮರಗಳನ್ನು ತೆರವು ಮಾಡುವುದು, ನೀರು ಕೊರೆದ ಕಡೆ ಕಾಡುಕಲ್ಲು ಜೋಡಿಸಿ ಮಣ್ಣು ತುಂಬುವುದು, ಪಕ್ಕದ ಚರಂಡಿಯನ್ನು ಬಿಡಿಸುವುದು, ಅಲ್ಲಲ್ಲಿ ಕೂರಲು ಕಲ್ಲಿನ ಜಗಲಿ ಕಟ್ಟಿಸುವುದು ಇಷ್ಟೇ. ಇದಕ್ಕೆ ದೊಡ್ಡ ಯೋಜನೆಯಾಗಲೀ ಹೊರಗಿನ ಗುತ್ತಿಗೆದಾರರಾಗಲೀ ಬೇಕಿಲ್ಲ. ಸುತ್ತಲಿನ ಹಳ್ಳಿಗಳ ಕೆಲಸಗಾರರೇ ಇದನ್ನು ಚೆನ್ನಾಗಿ ಬಲ್ಲರು.

ಬ್ಲೂಟೂತ್ ಸ್ಪೀಕರ್‌ಗಳ ಅಬ್ಬರವನ್ನು ದಾರಿಯ ಆರಂಭದಲ್ಲೇ ತಡೆಯಬೇಕಿದೆ. ಇದು ಕಾಟಿಗಳು ಓಡಾಡುವ ಜಾಗ; ಅವುಗಳ ಹೆಜ್ಜೆಯನ್ನೋ ಹಸಿ ಸಗಣಿಯನ್ನೋ ಕಂಡವರು ದನಿ ತಗ್ಗಿಸಿ ದೂರ ಉಳಿಯಬೇಕೆಂಬ ತಿಳಿವಳಿಕೆಯನ್ನು ಸ್ಥಳೀಯ ಮಾರ್ಗದರ್ಶಿಯೊಬ್ಬರು ಹೇಳಿಕೊಡಬಲ್ಲಷ್ಟು ಚೆನ್ನಾಗಿ ಯಾವ ಫಲಕವೂ ಹೇಳಲಾರದು. ಒಳಗೆ ಒಯ್ಯುವ ಪ್ಲಾಸ್ಟಿಕ್ ಬಾಟಲಿಗಳಿಗೆ ಠೇವಣಿ ಪಡೆದು, ವಾಪಸ್ ತಂದಾಗ ಹಣ ಮರಳಿಸುವ ವ್ಯವಸ್ಥೆಯನ್ನೂ ಇಲ್ಲಿ ತರಬಹುದು.

ಡಿಸೆಂಬರ್ ಕೊನೆಯ ರಜೆಗಳ ಜನಸಂದಣಿ ಆರಂಭವಾಗುವ ಮುನ್ನ ಎರಡೂ ಇಲಾಖೆಗಳ ಸ್ಥಳೀಯ ಅಧಿಕಾರಿಗಳು ಒಮ್ಮೆ ಜೊತೆಯಾಗಿ ಈ ದಾರಿಯನ್ನು ನಡೆದು ನೋಡಿ, ದುರಸ್ತಿಯ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ತರೀಕೆರೆ